ಅಬ್ಬಾ ತಂಡದ ಎಲೆಮರೆಯ ಹಾಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

‘ಡ್ಯಾನ್ಸಿಂಗ್ ಕ್ವೀನ್’, ‘ಮಮ್ಮಾ ಮಿಯಾ’, ‘ಫರ್ನಾಂಡೊ’ ಕೇಳಿದ್ದೇವೆ, ಮುಂದೇನು ಕೇಳೋಣ ಎಂದು ಅನೇಕರು ನನ್ನನ್ನು ವಿಚಾರಿಸುತ್ತಾರೆ. ಅವರಿಗೆಲ್ಲ ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಎಲ್ಲರ ಬಾಯಲ್ಲೂ ಇರುವ ಹಾಡುಗಳ ಬಗ್ಗೆ ಇಲ್ಲಿ ಹೆಚ್ಚಿಗೆ ಮಾತಿಲ್ಲ. ಆಲ್ಬಂಗಳ ನಡುವೆ ಅಡಗಿ ಕುಳಿತ, ರೆಕಾರ್ಡಿನ ಇನ್ನೊಂದು ಮಗ್ಗುಲಲ್ಲಿ ಉಳಿದುಹೋದ ಹಾಡುಗಳದ್ದೇ ಇಲ್ಲಿ ಮೆರವಣಿಗೆ.

ಅಬ್ಬಾ ಅಂದರೆ ಯಾರು? ಚಿಕ್ಕದಾಗಿ ಹೇಳಿ.

ಸ್ವೀಡನ್ನಿನ ನಾಲ್ವರು: ಅಗ್ನೆತಾ ಫೆಲ್ಟ್‌ಸ್ಕೋಗ್, ಬ್ಯೋರ್ನ್ ಉಲ್ವೇಯಸ್, ಬೆನ್ನಿ ಆಂಡರ್ಸನ್, ಆನಿ-ಫ್ರಿಡ್ ಲಿಂಗ್‌ಸ್ಟಾಡ್. ಕೊನೆಯವರನ್ನು ಎಲ್ಲರೂ ಕರೆಯುವುದು ಫ್ರೀಡಾ ಎಂದೇ. ನಾಲ್ವರ ಹೆಸರಿನ ಮೊದಲಕ್ಷರಗಳೇ ತಂಡದ ಹೆಸರಾದವು. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ‘ವಾಟರ್‌ಲೂ’ ಹಾಡಿ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೊವಿಷನ್ ಗೆದ್ದರು. 1973ರಿಂದ 1981ರವರೆಗೆ ಎಂಟು ಆಲ್ಬಂ, ಆಮೇಲೆ ನಲವತ್ತು ವರ್ಷದ ಮೌನ, 2021ರಲ್ಲಿ ‘ವಾಯೇಜ್’.

ಹಾಡು ಹೊಸೆಯುತ್ತಿದ್ದವರು ಬೆನ್ನಿ ಮತ್ತು ಬ್ಯೋರ್ನ್. ಆರಂಭದ ವರ್ಷಗಳಲ್ಲಿ ಮ್ಯಾನೇಜರ್ ಸ್ಟಿಗ್ ಆಂಡರ್ಸನ್ ಕೂಡ ಸಾಹಿತ್ಯಕ್ಕೆ ಕೈಹಾಕುತ್ತಿದ್ದರು. ಇಂಗ್ಲಿಷ್ ಇವರಲ್ಲಿ ಯಾರಿಗೂ ತಾಯ್ನುಡಿಯಲ್ಲ. ಆರಂಭದ ಹಾಡುಗಳ ಮಾತು ಸ್ವಲ್ಪ ಪೆದ್ದುಪೆದ್ದಾಗಿ ಕೇಳಿಸುವುದಕ್ಕೂ, ಕೊನೆಯ ಹಾಡುಗಳ ಸರಳ ಮಾತು ನೇರ ಎದೆಗೆ ತಾಗುವುದಕ್ಕೂ ಇದೇ ಕಾರಣವೆಂದು ನನ್ನ ನಂಬಿಕೆ. ಕಲಿತ ಭಾಷೆಯಲ್ಲಿ ಬರೆಯುವವರಿಗೆ ಅಲಂಕಾರ ಕೈಗೆಟುಕುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಾಗುತ್ತದೆ.

ಬಿ-ಸೈಡ್ ಎಂದರೇನು?

ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ರೆಕಾರ್ಡಿನ (ಸಿಂಗಲ್ ಅನ್ನುವುದು ಇದನ್ನೇ) ಒಂದು ಮುಖದಲ್ಲಿ ಒಂದು ಹಾಡು, ಇನ್ನೊಂದು ಮುಖದಲ್ಲಿ ಮತ್ತೊಂದು. ರೇಡಿಯೊದವರು ಹಾಕಲಿ, ಅಂಗಡಿಯಲ್ಲಿ ಜನ ಕೇಳಿ ಕೊಳ್ಳಲಿ ಎಂದು ಕಂಪನಿ ಮುಂದೆ ಮಾಡುವುದು ಎ-ಸೈಡ್. ಹಿಂಬದಿಯದು ಬಿ-ಸೈಡ್. ನಮ್ಮಲ್ಲಿ ಸಿನಿಮಾ ಹಾಡಿನ ಇಪಿ ಪ್ಲೇಟುಗಳು ಒಂದೊಂದು ಬದಿಗೆ ಎರಡೆರಡು ಹಾಡು ತುಂಬಿಕೊಂಡು ಬರುತ್ತಿದ್ದುದರಿಂದ ಈ ಮೇಲುಕೀಳು ನಮಗೆ ಅಷ್ಟಾಗಿ ಗೊತ್ತಾಗಲಿಲ್ಲ. ಪಶ್ಚಿಮದಲ್ಲಿ ಬಿ-ಸೈಡ್ ಅಂದರೆ ಹಿತ್ತಲು. ಹಿತ್ತಲ ಗಿಡದ ಪಾಡು ಏನೆಂದು ನಮಗೆ ಬೇರೆ ಹೇಳಬೇಕಿಲ್ಲ.

ಅಬ್ಬಾ ಬಿ-ಸೈಡ್‌ಗಳಲ್ಲಿ ಹೆಚ್ಚಿನವು ಆಲ್ಬಂನಿಂದಲೇ ಎತ್ತಿ ಹಾಕಿದವು. ‘ಡ್ಯಾನ್ಸಿಂಗ್ ಕ್ವೀನ್’ ರೆಕಾರ್ಡನ್ನು ಮಗುಚಿದರೆ ‘ದಟ್ಸ್ ಮಿ’, ‘ಎಸ್‌ಒಎಸ್’ ಹಿಂದೆ ‘ಮ್ಯಾನ್ ಇನ್ ದ ಮಿಡ್ಲ್’, ‘ಟೇಕ್ ಎ ಚಾನ್ಸ್ ಆನ್ ಮಿ’ ಹಿಂದೆ ‘ಐ ಆಮ್ ಎ ಮ್ಯಾರಿಯೊನೆಟ್’. ಯಾವ ಆಲ್ಬಂಗೂ ಸೇರದೆ ಹಿಂಬದಿಯಲ್ಲಷ್ಟೇ ಬಂದವು ಕೆಲವೇ. ಹುಡುಕುವವರಿಗೆ ಸಿಗುವ ನಿಜವಾದ ನಿಧಿ ಅದೇ.

‘ಗೋಲ್ಡ್’ ಸಂಕಲನ ನಮ್ಮಲ್ಲಿದೆ. ಅಷ್ಟು ಸಾಲದೆ?

ನನ್ನ ಕೈಗೆ ಮೊದಲು ಬಂದದ್ದೂ ಅದರ ಕ್ಯಾಸೆಟ್ಟೇ. 1992ರಲ್ಲಿ ಬಂದ 19 ಹಾಡುಗಳ ಆ ಸಂಕಲನ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ 1000 ವಾರ ಕಳೆದ ಮೊದಲ ಆಲ್ಬಂ. ಆ ಹಾಡುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರಲ್ಲಿ ಮೊದಲ ಆಲ್ಬಂ ‘ರಿಂಗ್ ರಿಂಗ್’ನಿಂದ ಒಂದೂ ಹಾಡಿಲ್ಲ. 1981ರ ‘ದ ವಿಸಿಟರ್ಸ್’ನ ಒಂಬತ್ತು ಹಾಡುಗಳಲ್ಲಿ ಬಂದದ್ದು ‘ಒನ್ ಆಫ್ ಅಸ್’ ಒಂದೇ. ‘ದ ಡೇ ಬಿಫೋರ್ ಯು ಕೇಮ್’ ಇಲ್ಲವೇ ಇಲ್ಲ. ಗೋಲ್ಡ್ ಕೇಳಿದವರು ಅಬ್ಬಾ ಅಂದರೆ ಮದುವೆಮನೆಯಲ್ಲಿ ಕುಣಿಯುವ ಸಂಗೀತ ಎಂದುಕೊಂಡರೆ ತಪ್ಪು ಅವರದ್ದಲ್ಲ. ನಡುವಯಸ್ಸಿನ ಬೇಸರ, ಮುರಿದ ಮನೆ, ಬಾಗಿಲ ಬಡಿತಕ್ಕೆ ಬೆಚ್ಚಿಬೀಳುವ ಭಯ, ಇವನ್ನೆಲ್ಲ ಹಾಡಿದ ಅಬ್ಬಾ ಬೇರೆಯೇ ಇದೆ. ಆ ತಂಡವನ್ನು ಹುಡುಕಿಕೊಂಡು ಹೋಗಬೇಕು.

ಒಂದೇ ಒಂದು ಬಿ-ಸೈಡ್ ಕೇಳುವುದಾದರೆ ಯಾವುದು?

‘ಶುಡ್ ಐ ಲಾಫ್ ಆರ್ ಕ್ರೈ’. 1981ರಲ್ಲಿ ‘ಒನ್ ಆಫ್ ಅಸ್’ ಹಿಂದೆ ಬಂತು. ಫ್ರೀಡಾ ಹಾಡಿದ್ದಾರೆ. ಗಂಡ ಎದ್ದು ನಿಂತು ಜಗತ್ತಿಗೇ ಉಪದೇಶ ಮಾಡುವವನ ಹಾಗೆ ಮಾತಾಡುತ್ತಿದ್ದಾನೆ. ಹೆಂಡತಿ ಕೇಳುತ್ತ ಕೂತಿದ್ದಾಳೆ. ಅವಳಿಗೆ ಕಾಣಿಸುವುದು ಅವನ ಪ್ಯಾಂಟು ಗಿಡ್ಡವಾಗಿರುವುದು. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಇಡೀ ದಾಂಪತ್ಯದ ಸುಸ್ತು ಆ ಗಿಡ್ಡ ಪ್ಯಾಂಟಿನಲ್ಲಿದೆ. ರೋಷವಿಲ್ಲ, ಕಣ್ಣೀರಿಲ್ಲ, ಇನ್ನು ಜಗಳವಾಡುವುದಕ್ಕೂ ಮನಸ್ಸಿಲ್ಲದವಳ ಸ್ಥಿತಿ. ಫ್ರೀಡಾ ದನಿ ಇಲ್ಲಿ ಎಲ್ಲೂ ಏರಿ ಕೂಗುವುದಿಲ್ಲ, ಪಲ್ಲವಿಗೆ ಬಂದಾಗಲೂ ಒಂದು ದೂರ ಕಾಯ್ದುಕೊಳ್ಳುತ್ತದೆ.

ಇಂಥ ಹಾಡು ಆ ಆಲ್ಬಂನಲ್ಲೇ ಇರಬೇಕಿತ್ತೆಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ‘ಟೂ ಫಾರ್ ದ ಪ್ರೈಸ್ ಆಫ್ ಒನ್’ ತೆಗೆದು ಇದನ್ನು ಹಾಕಿದ್ದರೆ ‘ದ ವಿಸಿಟರ್ಸ್’ಗೆ ಒಂದು ಕುಂದೂ ಇರುತ್ತಿರಲಿಲ್ಲ.

ಆಲ್ಬಂಗೆ ಸೇರದೆ ಹಿಂಬದಿಯಲ್ಲೇ ಉಳಿದ ಬೇರೆ ಹಾಡುಗಳು ಯಾವುವು?

ಹಳೆಯದರಿಂದ ಬರೋಣ. 1972ರಲ್ಲಿ ಅಬ್ಬಾ ಎಂಬ ಹೆಸರೇ ಇನ್ನೂ ಇರಲಿಲ್ಲ, ರೆಕಾರ್ಡಿನ ಮೇಲೆ ನಾಲ್ವರ ಹೆಸರೂ ಉದ್ದಕ್ಕೆ ಇರುತ್ತಿತ್ತು. ಆ ಕಾಲದ ‘ಪೀಪಲ್ ನೀಡ್ ಲವ್’ ಹಿಂದೆ ‘ಮೆರಿ-ಗೋ-ರೌಂಡ್’ ಬಂತು, ‘ಹೀ ಈಸ್ ಯುವರ್ ಬ್ರದರ್’ ಹಿಂದೆ ‘ಸಾಂಟಾ ರೋಸಾ’. ಎರಡೂ ಹಿತವಾದ ಹಾಡುಗಳು, ಇನ್ನೂ ತಮ್ಮ ದನಿ ಹುಡುಕುತ್ತಿರುವವರ ಹಾಡುಗಳು. ‘ರಿಂಗ್ ರಿಂಗ್’ನ ಸ್ವೀಡಿಷ್ ರೆಕಾರ್ಡಿನ ಹಿಂಬದಿಯಲ್ಲಿ ‘ಓ, ವಿಲ್ಕಾ ತೀದೆರ್’ ಎಂಬ ಸ್ವೀಡಿಷ್ ಹಾಡಿದೆ. ‘ಆಹಾ, ಎಂಥ ಕಾಲವದು’ ಅಂತ ಅರ್ಥ.

1976ರ ‘ಮನಿ, ಮನಿ, ಮನಿ’ ಹಿಂದಿನ ‘ಕ್ರೇಜಿ ವರ್ಲ್ಡ್’ ಎರಡು ವರ್ಷ ಮೊದಲೇ ಧ್ವನಿಮುದ್ರಣವಾಗಿ ಡಬ್ಬಿಯಲ್ಲಿ ಕೂತಿತ್ತು. ಬ್ಯೋರ್ನ್ ಹಾಡಿದ್ದಾರೆ. ಬೆಳಗ್ಗೆ ಬೆಳಗ್ಗೆ ಪ್ರೇಯಸಿಯ ಮನೆಗೆ ಬಂದವನಿಗೆ ಅವಳ ಬಾಗಿಲಿಂದ ಇನ್ನೊಬ್ಬ ಗಂಡಸು ಹೊರಗೆ ಹೋಗುವುದು ಕಾಣುತ್ತದೆ, ಎದೆ ಒಡೆಯುತ್ತದೆ. ಕೊನೆಗೆ ನೋಡಿದರೆ ಅವನು ಅವಳ ಅಣ್ಣ. ಕಥೆ ಹಳೆಯದೇ, ಆದರೆ ರಾಗ ಅದನ್ನು ಪ್ರೀತಿಯಿಂದ ಹೊತ್ತುಕೊಂಡು ಹೋಗುತ್ತದೆ. ‘ನೋಯಿಂಗ್ ಮಿ, ನೋಯಿಂಗ್ ಯು’ ಹಿಂದಿನ ‘ಹ್ಯಾಪಿ ಹವಾಯಿ’ಯದು ಇನ್ನೊಂದು ಸ್ವಾರಸ್ಯ. ‘ಅರೈವಲ್’ ಆಲ್ಬಂನ ‘ವೈ ಡಿಡ್ ಇಟ್ ಹ್ಯಾವ್ ಟು ಬಿ ಮಿ’ಯ ರಾಗಕ್ಕೆ ಮೊದಲು ತೊಡಿಸಿದ್ದ ಮಾತು ಇದು. ಸಾಹಿತ್ಯ ಬದಲಿಸಿದರು, ಹಾಡುವವರನ್ನು ಬದಲಿಸಿದರು, ಹಳೆಯದನ್ನೂ ಬಿಸಾಡಲಿಲ್ಲ.

1979ರ ‘ಚಿಕ್ವಿಟೀಟಾ’ ಹಿಂದೆ ‘ಲವ್‌ಲೈಟ್’. ಇದು ಹಿಂಬದಿಗೆ ಹೋದದ್ದು ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಗ್ನೆತಾ ದನಿ ಮಿಂಚುವ, ಆಲ್ಬಂನ ಎಷ್ಟೋ ಹಾಡಿಗಿಂತ ಗಟ್ಟಿಯಾದ ಹಾಡು. 1980ರ ‘ದ ವಿನ್ನರ್ ಟೇಕ್ಸ್ ಇಟ್ ಆಲ್’ ಹಿಂದೆ ‘ಎಲೇನ್’. ಎದುರು ಬದಿಯಲ್ಲಿ ಪಿಯಾನೊ ಮತ್ತು ಕಣ್ಣೀರು, ಈ ಬದಿಯಲ್ಲಿ ಸಿಂಥಸೈಜರ್‌ಗಳ ಧಾವಂತ, ಸಿಕ್ಕಿಹಾಕಿಕೊಂಡ ಹೆಣ್ಣೊಬ್ಬಳ ಚಿತ್ರ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿ. ಒಂದೇ ವರ್ಷದಲ್ಲಿ ಒಂದೇ ತಂಡ ಮಾಡಿದ್ದೆಂದು ನಂಬುವುದು ಕಷ್ಟ.

ಇನ್ನು ‘ಕಸಾಂಡ್ರಾ’ ಮತ್ತು ‘ಯು ಓ ಮಿ ಒನ್’. ಅವು 1982ರವು, ಆ ವರ್ಷದ ಮಾತು ಮುಂದೆ ಬರುತ್ತದೆ.

ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಬಿ-ಸೈಡ್ ಇದ್ದದ್ದು ನಿಜವೆ?

ನಿಜ. ಆಯಾ ದೇಶದ ರೆಕಾರ್ಡ್ ಕಂಪನಿ ತನಗೆ ಬೇಕಾದ ಹಾಡನ್ನು ಹಿಂಬದಿಗೆ ಹಾಕಿಕೊಳ್ಳುತ್ತಿತ್ತು. ಬ್ರಿಟನ್ನಿನಲ್ಲಿ ‘ಫರ್ನಾಂಡೊ’ ಮಗುಚಿದರೆ ‘ಹೇ, ಹೇ ಹೆಲೆನ್’ ಸಿಕ್ಕುತ್ತಿತ್ತು, ಬೇರೆ ಕಡೆ ಬೇರೆ. ಕೆಲವೊಮ್ಮೆ ಹಿತ್ತಲೇ ಅಂಗಳವಾದದ್ದೂ ಉಂಟು. ‘ಐ ಡು, ಐ ಡು, ಐ ಡು, ಐ ಡು, ಐ ಡು’ ಹಿಂದೆ ಇದ್ದ ‘ರಾಕ್ ಮಿ’ ಆಸ್ಟ್ರೇಲಿಯಾದಲ್ಲಿ ತಾನೇ ಎ-ಸೈಡ್ ಆಗಿ ಬಂದು ಜನಪ್ರಿಯವಾಯಿತು.

‘ಹೇ, ಹೇ ಹೆಲೆನ್’ ಬಗ್ಗೆ ಒಂದು ಮಾತು. ಗಂಡನನ್ನು, ಮನೆಯನ್ನು ಬಿಟ್ಟು ಸ್ವಂತ ಕಾಲ ಮೇಲೆ ನಿಂತ ಹೆಣ್ಣಿಗೆ ಹಾಡಿದ ಹಾಡು ಅದು, 1975ರದ್ದು. ಪಾಪ್ ಸಂಗೀತದಲ್ಲಿ ಆ ವಿಷಯ ಆಗ ಅಪರೂಪ.

ಅಬ್ಬಾ ಬೇರೆಯವರ ಹಾಡು ಹಾಡಿದ್ದುಂಟೆ?

ಉಂಟು, ಅದೂ ಹಿಂಬದಿಯಲ್ಲೇ. 1975ರಲ್ಲಿ ಜರ್ಮನಿಯ ಒಂದು ಸಹಾಯಾರ್ಥ ಆಲ್ಬಂಗಾಗಿ ಅಮೆರಿಕದ ಮೂರು ಜನಪದ ಹಾಡುಗಳನ್ನು ಒಂದಕ್ಕೊಂದು ಪೋಣಿಸಿ ಹಾಡಿದರು. 1978ರಲ್ಲಿ ‘ಸಮ್ಮರ್ ನೈಟ್ ಸಿಟಿ’ಗೆ ಅದನ್ನೇ ಬಿ-ಸೈಡ್ ಮಾಡಿದರು. ಗೆಳೆಯರು ಬೆಂಕಿ ಸುತ್ತ ಕೂತು ಹಾಡಿದಷ್ಟು ಹಗುರ. ಒಮ್ಮೆ ಕೇಳಿದರೆ ಸಾಕು.

ಆಲ್ಬಂಗಳಲ್ಲಿ ಯಾವುದರಿಂದ ಶುರು ಮಾಡಲಿ?

ಎಲ್ಲರೂ ‘ಅರೈವಲ್’ ಅನ್ನುತ್ತಾರೆ. ನಾನು ‘ದ ವಿಸಿಟರ್ಸ್’ ಅನ್ನುತ್ತೇನೆ. 1981ರ ನವೆಂಬರ್ 30ರಂದು ಬಂದ ಆಲ್ಬಂ. ಅಷ್ಟು ಹೊತ್ತಿಗೆ ಎರಡು ಮದುವೆಗಳೂ ಮುಗಿದಿದ್ದವು. ಅಗ್ನೆತಾ ಮತ್ತು ಬ್ಯೋರ್ನ್ ಬೇರೆಯಾದ ಸುದ್ದಿ 1979ರ ಜನವರಿಯಲ್ಲಿ, ಫ್ರೀಡಾ ಮತ್ತು ಬೆನ್ನಿಯದು 1981ರ ಫೆಬ್ರವರಿಯಲ್ಲಿ ಹೊರಬಿದ್ದಿತ್ತು. ಆದರೂ ನಾಲ್ವರೂ ಸ್ಟಾಕ್‌ಹೋಮ್‌ನ ಪೋಲಾರ್ ಸ್ಟುಡಿಯೊಗೆ ಬಂದು ಹಾಡುತ್ತಿದ್ದರು.

ಶೀರ್ಷಿಕೆ ಹಾಡನ್ನೇ ತಗೊಳ್ಳಿ. ಸೋವಿಯತ್ ಒಕ್ಕೂಟದಲ್ಲಿ ಸರ್ಕಾರಕ್ಕೆ ಎದುರು ಮಾತಾಡಿದವರು ಗುಟ್ಟಾಗಿ ಸೇರುತ್ತಿದ್ದ ಮನೆ. ಬಾಗಿಲ ಕರೆಗಂಟೆ ಬಾರಿಸುತ್ತದೆ. ಗೆಳೆಯರು ಹೀಗೆ ಬರುವುದಿಲ್ಲ, ಹಾಗಾದರೆ ಬಂದವರು ಯಾರು? ಫ್ರೀಡಾ ದನಿಯನ್ನು ಯಂತ್ರದ ಮೂಲಕ ಹಾಯಿಸಿ, ಗೋಡೆಯ ಆಚೆಯಿಂದ ಕೇಳಿದ ಹಾಗೆ ಮಾಡಿದ್ದಾರೆ. ಚರಣದಲ್ಲಿ ಉಸಿರು ಬಿಗಿಹಿಡಿದ ಹಾಡು ಪಲ್ಲವಿಗೆ ಬಂದೊಡನೆ ಹುಚ್ಚೆದ್ದು ಕುಣಿಯತೊಡಗುತ್ತದೆ. ಭಯ ತಲೆಗೇರಿದಾಗ ಆಗುವುದೇ ಹಾಗೆ. ಇದನ್ನು ಮಾಡಿದವರು ‘ರಿಂಗ್ ರಿಂಗ್’ ಮಾಡಿದವರೇ!

‘ವೆನ್ ಆಲ್ ಈಸ್ ಸೆಡ್ ಅಂಡ್ ಡನ್’ ಬರೆಯುವಾಗ ಬ್ಯೋರ್ನ್ ಮನಸ್ಸಿನಲ್ಲಿದ್ದದ್ದು ಬೆನ್ನಿ ಮತ್ತು ಫ್ರೀಡಾ ಅವರ ವಿಚ್ಛೇದನ. ಹಾಡಿದವರು ಫ್ರೀಡಾ, ಅದಕ್ಕೆ ವಾದ್ಯ ನುಡಿಸಿದವರು ಬೆನ್ನಿ. ‘ದ ವಿನ್ನರ್ ಟೇಕ್ಸ್ ಇಟ್ ಆಲ್’ ಎಲ್ಲರಿಗೂ ಗೊತ್ತು. ಅದರ ಜೋಡಿಯಾದ ಈ ಹಾಡು ಎಷ್ಟೋ ಜನರಿಗೆ ಗೊತ್ತಿಲ್ಲ. ಅಲ್ಲಿ ಸೋತವಳ ಅಳಲು, ಇಲ್ಲಿ ತಲೆಯೆತ್ತಿ ನಡೆದುಹೋಗುವವಳ ಸಮಾಧಾನ. ವಯಸ್ಸಾದ ಹಾಗೆ ನನಗೆ ಎರಡನೆಯದೇ ಹೆಚ್ಚು ಹತ್ತಿರವಾಗಿದೆ.

‘ಸ್ಲಿಪ್ಪಿಂಗ್ ಥ್ರೂ ಮೈ ಫಿಂಗರ್ಸ್’ ಈಗ ‘ಮಮ್ಮಾ ಮಿಯಾ’ ಸಿನಿಮಾದಿಂದಾಗಿ ಪರಿಚಿತ, ಆದರೂ ಮೂಲ ಕೇಳದವರು ಬಹಳ ಇದ್ದಾರೆ. ಶಾಲೆಯ ಚೀಲ ಹಿಡಿದು ಬೆಳಗ್ಗೆ ಮನೆಯಿಂದ ಹೊರಡುವ ಮಗಳು, ಕೈಬೀಸುವ ಅವಳನ್ನೇ ನೋಡುತ್ತ ನಿಂತ ತಾಯಿ. ಮಗಳು ಅಗ್ನೆತಾ ಮತ್ತು ಬ್ಯೋರ್ನ್ ಅವರದ್ದೇ. ಬೇರೆಯಾದ ಮೇಲೆ ತಂದೆ ಬರೆದ ಸಾಲುಗಳನ್ನು ತಾಯಿ ಹಾಡಿದ್ದಾರೆ. ಇದನ್ನು ತಿಳಿದು ಕೇಳಿದರೆ ಆ ದನಿಯ ನಡುಕ ಬೇರೆಯೇ ಆಗಿ ಕೇಳಿಸುತ್ತದೆ. ಜಪಾನಿನಲ್ಲಿ ಈ ಹಾಡು ಕೋಕಾ-ಕೋಲಾ ಪ್ರಚಾರಕ್ಕೆ ಕೆಂಪು ರೆಕಾರ್ಡಾಗಿ ಬಂದಿತ್ತು.

‘ಐ ಲೆಟ್ ದ ಮ್ಯೂಸಿಕ್ ಸ್ಪೀಕ್’ ಪೂರ್ತಿ ರಂಗಭೂಮಿಯ ಹಾಡು. ಬೆನ್ನಿ ಮತ್ತು ಬ್ಯೋರ್ನ್ 1984ರಲ್ಲಿ ಗೀತಕಾರ ಟಿಮ್ ರೈಸ್ ಜೊತೆ ಆಲ್ಬಂ ಆಗಿ ತಂದ ‘ಚೆಸ್’ ಸಂಗೀತ ನಾಟಕದ ಹೆಜ್ಜೆಸಪ್ಪಳ ಇದರಲ್ಲಿ ಆಗಲೇ ಕೇಳುತ್ತದೆ.

ಕೊನೆಯದು ‘ಲೈಕ್ ಆನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್’. ಗಡಿಯಾರದ ಟಿಕ್ ಟಿಕ್, ಗೊಂಬೆಪೆಟ್ಟಿಗೆಯ ಸಂಗೀತದಂಥ ಒಂದು ಸಿಂಥಸೈಜರ್, ಒಬ್ಬಳೇ ಫ್ರೀಡಾ. ಹಿನ್ನೆಲೆಯಲ್ಲಿ ಯಾರೂ ಇಲ್ಲ. ಎರಡು ಹೆಣ್ಣುದನಿ ಒಂದಾಗಿ ಮೊಳಗುವುದೇ ಅಬ್ಬಾ ಗುರುತು. ಆ ಗುರುತನ್ನೇ ಬಿಟ್ಟುಕೊಟ್ಟು ಮಾಡಿದ ಹಾಡು ಇದು. ಇದಾದ ಮೇಲೆ ಮುಂದಿನ ಆಲ್ಬಂಗೆ ನಲವತ್ತು ವರ್ಷ ಕಾಯಬೇಕಾಯಿತು.

ನನಗೆ ಅಷ್ಟು ದುಃಖ ಬೇಡ. ‘ಅರೈವಲ್’, ‘ದ ಆಲ್ಬಂ’, ‘ವೂಲೆ-ವೂ’, ‘ಸೂಪರ್ ಟ್ರೂಪರ್’ಗಳಲ್ಲಿ ಏನಿದೆ?

‘ಅರೈವಲ್’ನಲ್ಲಿ ‘ಟೈಗರ್’ ಕೇಳಿ. ಇರುಳಲ್ಲಿ ಊರೇ ಹುಲಿಯಾಗುವ ಹಾಡು. 1977ರ ಪ್ರವಾಸದಲ್ಲಿ ಹೆಲಿಕಾಪ್ಟರ್ ಸದ್ದು ಕೇಳಿಸಿ ಇದರಿಂದಲೇ ಕಛೇರಿ ಶುರುಮಾಡುತ್ತಿದ್ದರು. ‘ಮೈ ಲವ್, ಮೈ ಲೈಫ್’ ಮೆಲ್ಲನೆಯ ವಿದಾಯ. ‘ದಟ್ಸ್ ಮಿ’ಯಂತೂ ಎ-ಸೈಡ್ ಆಗುವ ಎಲ್ಲ ಲಕ್ಷಣವಿದ್ದ ಹಾಡು. ಆದರೆ ‘ಡ್ಯಾನ್ಸಿಂಗ್ ಕ್ವೀನ್’ ಬೆನ್ನಿಗೆ ಬಿದ್ದ ಮೇಲೆ ರೆಕಾರ್ಡು ಮಗುಚಿ ನೋಡುವವರಾರು?

‘ದ ಆಲ್ಬಂ’ ಕೊನೆಯಲ್ಲಿ ಮೂರು ಹಾಡು ಒಟ್ಟಿಗೆ ಇವೆ: ‘ಥ್ಯಾಂಕ್ ಯು ಫಾರ್ ದ ಮ್ಯೂಸಿಕ್’, ‘ಐ ವಂಡರ್’, ‘ಐ ಆಮ್ ಎ ಮ್ಯಾರಿಯೊನೆಟ್’. 1977ರ ಪ್ರವಾಸಕ್ಕೆಂದು ಕಟ್ಟಿದ ‘ದ ಗರ್ಲ್ ವಿತ್ ದ ಗೋಲ್ಡನ್ ಹೇರ್’ ಎಂಬ ಪುಟ್ಟ ಸಂಗೀತ ನಾಟಕದ ತುಂಡುಗಳಿವು. ಹಾಡಿನ ಆಸೆಯಿಂದ ಊರು ಬಿಟ್ಟ ಹುಡುಗಿ ಕೀರ್ತಿಯ ಕೈಗೆ ಸೂತ್ರದ ಗೊಂಬೆಯಾಗಿ ಸಿಕ್ಕಿಬೀಳುತ್ತಾಳೆ. ಮೊದಲನೆಯದನ್ನು ಜಗತ್ತೇ ಹಾಡಿಕೊಂಡಿತು. ಮೂರನೆಯದರಲ್ಲಿ ಆ ಕೃತಜ್ಞತೆಗೆ ತೆತ್ತ ಬೆಲೆ ಇದೆ, ಅದನ್ನು ಯಾರೂ ಕೇಳಲಿಲ್ಲ. ಕುಂಟುತ್ತ ನಡೆಯುವಂಥ ಲಯ, ಚೂಪಾದ ಸ್ವರಗಳು. ಮುಂದೆ 2013ರಲ್ಲಿ ಸ್ವೀಡನ್ನಿನದೇ ಆದ ಘೋಸ್ಟ್ ಎಂಬ ಹೆವಿ ಮೆಟಲ್ ತಂಡ ಇದನ್ನು ಹಾಡಿತು. ಅವರಿಗೆ ಈ ಹಾಡಲ್ಲಿ ಹೊಸದಾಗಿ ಕತ್ತಲು ಬೆರೆಸುವ ಕೆಲಸವೇ ಇರಲಿಲ್ಲ.

‘ವೂಲೆ-ವೂ’ನಲ್ಲಿ ‘ಇಫ್ ಇಟ್ ವಾಸಂಟ್ ಫಾರ್ ದ ನೈಟ್ಸ್’. ಮೊದಲು ಸಿಂಗಲ್ ಆಗಬೇಕಿದ್ದದ್ದು ಇದು, ಟಿವಿಯಲ್ಲೂ ಹಾಡಿದ್ದರು. ಅಷ್ಟರಲ್ಲಿ ‘ಚಿಕ್ವಿಟೀಟಾ’ ಸಿದ್ಧವಾಗಿ ಇದನ್ನು ಹಿಂದಕ್ಕೆ ತಳ್ಳಿತು. ಹಗಲು ಹೇಗೋ ಕೆಲಸದಲ್ಲಿ ಕಳೆಯುತ್ತದೆ, ರಾತ್ರಿಗಳನ್ನು ಏನು ಮಾಡಲಿ ಎನ್ನುವವರ ಮಾತಿಗೆ ಡಿಸ್ಕೊ ತಾಳ ಹಾಕಿದ್ದಾರೆ. ದುಃಖ ಬೇಡ ಅಂದಿರಿ, ಇಲ್ಲೂ ಬಂದುಬಿಟ್ಟಿತು. ಅಬ್ಬಾದಲ್ಲಿ ಅದನ್ನು ಪೂರ್ತಿ ಸೋಸಿ ತೆಗೆಯಲಾಗುವುದಿಲ್ಲ.

‘ಸೂಪರ್ ಟ್ರೂಪರ್’ನಿಂದ ಮೂರು: ಪ್ಯಾರಿಸ್ಸಿನ ನೆನಪಿನ ‘ಅವರ್ ಲಾಸ್ಟ್ ಸಮ್ಮರ್’, ಒಬ್ಬಳೊಳಗಿನ ಇಬ್ಬರು ಮಾತಾಡುವ ‘ಮಿ ಅಂಡ್ ಐ’, ಜನರನ್ನು ಮರುಳುಮಾಡಿ ಹಿಂದೆ ಕರೆದೊಯ್ಯುವ ನಾಯಕನ ಕುರಿತ ‘ದ ಪೈಪರ್’. ಕೊನೆಯದರಲ್ಲಿ ಚಂದಿರನ ಕೆಳಗೆ ಕುಣಿಯುತ್ತೇವೆ ಎಂದು ಲ್ಯಾಟಿನ್ನಿನಲ್ಲಿ ಹಾಡುತ್ತಾರೆ, ಹಳ್ಳಿ ಜಾತ್ರೆಯ ಕೊಳಲು ತಮಟೆಯ ಹಾಗೆ ಸಂಗೀತ ಸುತ್ತುತ್ತದೆ, ಕೇಳುತ್ತ ಕೇಳುತ್ತ ನೀವೂ ಆ ಗುಂಪಿನಲ್ಲಿ ನಡೆಯುತ್ತಿರುತ್ತೀರಿ. ಆಲ್ಬಂ ಮುಗಿಸುವ ‘ದ ವೇ ಓಲ್ಡ್ ಫ್ರೆಂಡ್ಸ್ ಡು’ ಸ್ಟುಡಿಯೊದಲ್ಲಿ ಮಾಡಿದ್ದಲ್ಲ, 1979ರ ನವೆಂಬರ್‌ನಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಜನರೆದುರು ಹಾಡಿದ್ದು.

ಮಾತಿಲ್ಲದ ಸಂಗೀತ ಮಾಡಿದ್ದಾರೆಯೆ?

ಎರಡು. 1975ರ ‘ಇಂಟರ್‌ಮೆಟ್ಜೊ ನಂಬರ್ 1’ಗೆ ಸ್ಟುಡಿಯೊದಲ್ಲಿ ಇಟ್ಟಿದ್ದ ಹೆಸರೇ ‘ಬಾಖ್ ಹಾಡು’. ಬೆನ್ನಿಯ ಕೀಲಿಮಣೆ ಓಟ ಕೇಳಿದರೆ ಯಾಕೆಂದು ತಿಳಿಯುತ್ತದೆ. ‘ಅರೈವಲ್’ ಆಲ್ಬಂ ಮುಗಿಸುವ ‘ಅರೈವಲ್’ ಇನ್ನೊಂದು. ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಹಳ್ಳಿಗಳ ಪಿಟೀಲು ಸಂಗೀತದ ಜಾಡಿನಲ್ಲಿ ಕಟ್ಟಿದ್ದು. ಮೇಲೆ ಮಾತಿಲ್ಲದ ದನಿಗಳು ಆಲಾಪದಂತೆ ತೇಲುತ್ತವೆ. ಬೆನ್ನಿಯ ಅಜ್ಜ, ಅಪ್ಪ ಇಬ್ಬರೂ ಅಕಾರ್ಡಿಯನ್ ನುಡಿಸುತ್ತಿದ್ದವರು. ಈ ಮೂರು ನಿಮಿಷ ಆ ಮನೆತನದ ಸಂಗೀತ.

ಹಾಡಿದವರೆಲ್ಲ ಹೆಂಗಸರೇ? ಅವರು ರಾಗ ಹಾಕಿಲ್ಲವೆ?

‘ಕ್ರೇಜಿ ವರ್ಲ್ಡ್’, ‘ರಾಕ್ ಮಿ’, ‘ಮ್ಯಾನ್ ಇನ್ ದ ಮಿಡ್ಲ್’ ಬ್ಯೋರ್ನ್ ದನಿಯವು. ಬೆನ್ನಿ ಮುಖ್ಯ ದನಿಯಾಗಿ ಹಾಡಿದ್ದು ‘ವಾಟರ್‌ಲೂ’ ಆಲ್ಬಂನ ‘ಸೂಜಿ-ಹ್ಯಾಂಗ್-ಅರೌಂಡ್’ ಒಂದೇ. ಅಗ್ನೆತಾ ಅಬ್ಬಾ ಸೇರುವ ಮೊದಲೇ ಸ್ವೀಡನ್ನಿನಲ್ಲಿ ಸ್ವಂತ ಹಾಡುಗಳಿಂದ ಹೆಸರಾದವರು. ಆದರೂ ಆ ಎಂಟು ಆಲ್ಬಂಗಳಲ್ಲಿ ಅವರು ರಾಗ ಹಾಕಿದ್ದು ‘ರಿಂಗ್ ರಿಂಗ್’ನ ‘ಡಿಸ್‌ಇಲ್ಯೂಷನ್’ ಮಾತ್ರ. 1979ರ ಪ್ರವಾಸದಲ್ಲಿ ತಮ್ಮ ‘ಐ ಆಮ್ ಸ್ಟಿಲ್ ಅಲೈವ್’ ಹಾಡುತ್ತಿದ್ದರು, ಅದು ಆಲ್ಬಂ ಸೇರಲಿಲ್ಲ. ಈ ಲೆಕ್ಕ ನನಗೆ ಸದಾ ನೋವು ಕೊಡುತ್ತದೆ. ಅವರಿಂದ ಇನ್ನಷ್ಟು ರಾಗ ಬರಬೇಕಿತ್ತು.

ಎಲೆಮರೆಯದೆಲ್ಲ ಹಣ್ಣೇ?

ಇಲ್ಲ. ‘ಕಿಂಗ್ ಕಾಂಗ್ ಸಾಂಗ್’, ‘ಡಮ್ ಡಮ್ ಡಿಡ್ಲ್’, ‘ಟ್ರಾಪಿಕಲ್ ಲವ್‌ಲ್ಯಾಂಡ್’ ಮರೆಯಲ್ಲಿ ಉಳಿದದ್ದಕ್ಕೆ ನನಗೆ ಬೇಸರವಿಲ್ಲ.

ದನಿಗಳು ಅಷ್ಟು ತುಂಬಿಕೊಂಡು ಕೇಳುವುದು ಹೇಗೆ?

ಧ್ವನಿ ತಂತ್ರಜ್ಞ ಮೈಕೆಲ್ ಟ್ರೆಟೋವ್ ಅವರ ಕೈಚಳಕ. ಒಮ್ಮೆ ನುಡಿಸಿದ್ದನ್ನೇ ಟೇಪಿನ ವೇಗ ಕೂದಲೆಳೆಯಷ್ಟು ಬದಲಿಸಿ ಮತ್ತೊಮ್ಮೆ ನುಡಿಸಿ ಮೇಲೆ ಹಾಕುತ್ತಿದ್ದರು. ಎರಡರ ಶ್ರುತಿ ಪೂರ್ತಿ ಒಂದಾಗದೆ ತುಸು ಉಜ್ಜುತ್ತದೆ, ಆ ಉಜ್ಜಾಟದಿಂದ ದನಿ ಹಿಗ್ಗುತ್ತದೆ. ‘ರಿಂಗ್ ರಿಂಗ್’ನಲ್ಲೇ ಈ ಪ್ರಯೋಗ ಶುರು. ಇದರ ಮೇಲೆ ಅಗ್ನೆತಾ ಮೇಲುಸ್ಥಾಯಿ, ಫ್ರೀಡಾ ತುಂಬಿದ ಕೆಳದನಿ, ಇಬ್ಬರನ್ನೂ ಪದರ ಪದರವಾಗಿ ಹೊದಿಸುತ್ತಿದ್ದರು. ಬಿ-ಸೈಡ್ ಎಂದು ಈ ದುಡಿಮೆಯಲ್ಲಿ ಕಡಿತ ಮಾಡಲಿಲ್ಲ, ‘ಲವ್‌ಲೈಟ್’ ಕೇಳಿದರೆ ಗೊತ್ತಾಗುತ್ತದೆ.

1982ರಲ್ಲಿ ಏನಾಯಿತು?

ಆ ವರ್ಷ ಹೊಸ ಆಲ್ಬಂಗೆಂದು ಕೂತರು, ಆರೇ ಹಾಡು ಮೂಡಿದವು. ಆಲ್ಬಂ ಕೈಬಿಟ್ಟು ಹಳೆಯ ಸಿಂಗಲ್‌ಗಳ ಸಂಕಲನ ತಂದರು. ಹೊಸದರಲ್ಲಿ ನಾಲ್ಕು ಹಾಡು ಎರಡು ರೆಕಾರ್ಡಾಗಿ ಬಂದವು. ಅಕ್ಟೋಬರ್‌ನಲ್ಲಿ ‘ದ ಡೇ ಬಿಫೋರ್ ಯು ಕೇಮ್’, ಹಿಂದೆ ‘ಕಸಾಂಡ್ರಾ’. ಡಿಸೆಂಬರ್‌ನಲ್ಲಿ ‘ಅಂಡರ್ ಅಟ್ಯಾಕ್’, ಹಿಂದೆ ‘ಯು ಓ ಮಿ ಒನ್’.

‘ದ ಡೇ ಬಿಫೋರ್ ಯು ಕೇಮ್’ ಎ-ಸೈಡ್ ಆಗಿದ್ದರೂ ಆಗ ಜನ ಕಿವಿಗೊಡಲಿಲ್ಲ. ಬ್ರಿಟನ್ನಿನಲ್ಲಿ 32ನೇ ಸ್ಥಾನಕ್ಕೆ ನಿಂತಿತು. ಎರಡು ವರ್ಷದ ನಂತರ ಬ್ಲಾಂಮಾಂಜ್ ಎಂಬ ಜೋಡಿ ಇದನ್ನೇ ಹಾಡಿ 22ಕ್ಕೆ ಏರಿತು. ಸುಮಾರು ಆರು ನಿಮಿಷ ಒಬ್ಬ ಹೆಂಗಸು ತನ್ನ ಒಂದು ಮಾಮೂಲಿ ದಿನದ ವರದಿ ಒಪ್ಪಿಸುತ್ತಾಳೆ: ಮನೆ ಬಿಟ್ಟದ್ದು, ರೈಲು ಹಿಡಿದದ್ದು, ಕಚೇರಿ, ಊಟ, ಟಿವಿ, ಮಲಗಿದ್ದು. ‘ನೀನು’ ಬರುವ ಹಿಂದಿನ ದಿನ ಅದು. ಬಂದವನು ಯಾರು, ಬಂದ ಮೇಲೆ ಏನಾಯಿತು, ಒಂದು ಮಾತಿಲ್ಲ. ಮಾಮೂಲಿ ಪಲ್ಲವಿ ಇಲ್ಲ. ಅಗ್ನೆತಾ ಭಾವ ತೋರದೆ ಹಾಡುತ್ತ ಹೋದ ಹಾಗೆ ಹಿಂದೆ ಫ್ರೀಡಾ ದನಿ ಒಪೆರಾದ ಶೋಕದಂತೆ ಎದ್ದು ಬರುತ್ತದೆ. ಅಬ್ಬಾ ಮಾಡಿದ್ದರಲ್ಲೆಲ್ಲ ದೊಡ್ಡ ಹಾಡು ಇದು, ನನ್ನ ಮಟ್ಟಿಗೆ.

ಅದರ ಬೆನ್ನಿಗಿರುವ ‘ಕಸಾಂಡ್ರಾ’ ಟ್ರಾಯ್ ನಗರದ ಕಥೆ. ನಗರ ಸುಟ್ಟುಹೋಗುತ್ತದೆಂದು ಮೊದಲೇ ನುಡಿದವಳ ಮಾತನ್ನು ಯಾರೂ ನಂಬಲಿಲ್ಲ. ಈಗ ಎಲ್ಲ ಮುಗಿದ ಮೇಲೆ ಊರವರು ಅವಳ ಕ್ಷಮೆ ಕೇಳುತ್ತಿದ್ದಾರೆ. ಫ್ರೀಡಾ ಇದನ್ನು, ಹಡಗು ಹತ್ತಿ ಊರು ತೊರೆಯುವ ಅವಳನ್ನು ನೋಡುತ್ತ ನಿಂತವರ ದನಿಯಲ್ಲಿ ಹಾಡಿದ್ದಾರೆ. ತಂಡ ಚದುರಿಹೋಗುತ್ತಿದ್ದ ತಿಂಗಳಲ್ಲಿ ಇಂಥ ಹಾಡು ಹಿಂಬದಿಯಲ್ಲಿ ಬಂದುಹೋಯಿತು.

ನಮ್ಮ ಕಡೆಗೂ ಅಬ್ಬಾಗೂ ಏನಾದರೂ ನಂಟು?

1977ರ ಹಿಂದಿ ಚಿತ್ರ ‘ಹಮ್ ಕಿಸೀಸೆ ಕಮ್ ನಹೀಂ’ನ ‘ಮಿಲ್ ಗಯಾ ಹಮ್ ಕೋ ಸಾಥಿ’ ನಿಮಗೆ ಗೊತ್ತಿದ್ದರೆ ‘ಮಮ್ಮಾ ಮಿಯಾ’ ಆಗಲೇ ನಿಮ್ಮ ಮನೆಗೆ ಬಂದುಹೋಗಿದೆ. ಆರ್.ಡಿ. ಬರ್ಮನ್ ಆ ರಾಗವನ್ನು ತಂದರು. ಮರೆಯ ಹಾಡುಗಳು ಅಷ್ಟು ದೂರ ಬರಲಿಲ್ಲ.

ಇವನ್ನೆಲ್ಲ ಈಗ ಎಲ್ಲಿ ಕೇಳಬಹುದು?

ಹಳೆಯ ರೆಕಾರ್ಡು ಹುಡುಕಬೇಕಿಲ್ಲ. ಸಿಡಿಗಳ ಮರುಮುದ್ರಣದಲ್ಲಿ ಬಿ-ಸೈಡ್‌ಗಳನ್ನು ಆಯಾ ಆಲ್ಬಂ ಕೊನೆಗೆ ಸೇರಿಸಿದ್ದಾರೆ. ‘ಎಲೇನ್’ ಬೇಕಾದರೆ ‘ಸೂಪರ್ ಟ್ರೂಪರ್’ ಕೊನೆಯಲ್ಲಿ ನೋಡಿ, 1982ರ ಹಾಡುಗಳು ‘ದ ವಿಸಿಟರ್ಸ್’ ಕೊನೆಯಲ್ಲಿವೆ. ಮೊಬೈಲ್ ಆ್ಯಪ್‌ಗಳಲ್ಲೂ ಇವು ಸಿಗುತ್ತವೆ. ಒಂದು ವಿನಂತಿ: ಮೊದಲ ಸಲ ‘ದ ವಿಸಿಟರ್ಸ್’ ಕೇಳುವಾಗ ಗಡಿಯಾರದ ಸದ್ದಿಗೆ ನಿಲ್ಲಿಸಿ. ತಕ್ಷಣ ಮುಂದಿನ ಹಾಡು ಮೊದಲಾದರೆ ಆ ಮೌನ ಹಾಳಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಉಳಿದವನ್ನು ಕೇಳಿ.

ಇ‌ನ್ನೂ ಹೊರಬರದ ಹಾಡುಗಳಿವೆಯೆ?

1994ರ ನಾಲ್ಕು ಸಿಡಿಗಳ ಪೆಟ್ಟಿಗೆ ‘ಥ್ಯಾಂಕ್ ಯು ಫಾರ್ ದ ಮ್ಯೂಸಿಕ್’ನಲ್ಲಿ ‘ಡ್ರೀಮ್ ವರ್ಲ್ಡ್’, ‘ಪುಟ್ ಆನ್ ಯುವರ್ ವೈಟ್ ಸೊಂಬ್ರೆರೊ’ ಮೊದಲ ಬಾರಿ ಬೆಳಕು ಕಂಡವು. ‘ಐ ಆಮ್ ದ ಸಿಟಿ’ ಅದಕ್ಕೂ ಒಂದು ವರ್ಷ ಮೊದಲು ‘ಮೋರ್ ಗೋಲ್ಡ್’ನಲ್ಲಿ ಬಂದಿತ್ತು. ಅದೇ ಪೆಟ್ಟಿಗೆಯಲ್ಲಿ ಸುಮಾರು 23 ನಿಮಿಷದ ‘ಅಬ್ಬಾ ಅನ್‌ಡಿಲೀಟೆಡ್’ ಇದೆ, ಡಬ್ಬಿಯಲ್ಲಿ ಉಳಿದ ಹಾಡುಗಳ ತುಂಡುಗಳನ್ನು ಹೆಣೆದದ್ದು. 1978ರಲ್ಲಿ ಹಾಡಿ ಬದಿಗಿಟ್ಟಿದ್ದ ‘ಜಸ್ಟ್ ಎ ನೋಷನ್’ ಆ ಹೆಣಿಗೆಯಲ್ಲಿ ಒಂದು ತುಂಡಾಗಿತ್ತು. 2021ರಲ್ಲಿ ಬೆನ್ನಿ ಅದೇ ಹಳೆಯ ದನಿಗಳಿಗೆ ಹೊಸ ವಾದ್ಯ ಕೂಡಿಸಿ ‘ವಾಯೇಜ್’ನಲ್ಲಿ ಪೂರ್ತಿ ಕೊಟ್ಟರು. ಇಪ್ಪತ್ತೆಂಟು ಮೂವತ್ತರ ಹರೆಯದ ದನಿಗಳು ಎಪ್ಪತ್ತು ದಾಟಿದವರ ಆಲ್ಬಂನಲ್ಲಿ ಕೇಳಿಬಂದವು.

ಇನ್ನು ಉಳಿದಿರುವುದು ‘ಜಸ್ಟ್ ಲೈಕ್ ದಟ್’. 1982ರದ್ದು, ಅಗ್ನೆತಾ ದನಿಯಲ್ಲಿದೆ. ‘ಅನ್‌ಡಿಲೀಟೆಡ್’ನಲ್ಲಿ ಒಂದು ಚೂರು ಇದೆ. 1985ರಲ್ಲಿ ಜೆಮಿನಿ ಎಂಬ ಜೋಡಿಗೆ ಬೆನ್ನಿ ಮತ್ತು ಬ್ಯೋರ್ನ್ ಈ ಹಾಡನ್ನು ಕೊಟ್ಟು ಹಾಡಿಸಿದರು. ಅಬ್ಬಾ ಹಾಡಿದ ಪೂರ್ತಿ ಹಾಡನ್ನು ತಂಡ ಹೊರಗೆ ಬಿಟ್ಟಿಲ್ಲ. ‘ಜಸ್ಟ್ ಎ ನೋಷನ್’ ಬಂದ ದಿನದಿಂದ ನಾನು ಇದಕ್ಕೂ ಕಾಯುತ್ತಿದ್ದೇನೆ.